ಕೊರವ ಮೀನಿಗೆ ಎಂಥ ಗಾಳ? ನನ್ನ ಅನುಭವ

ಗಾಳ ಹಾಕುವ ಹುಚ್ಚು ಹತ್ತಿದವರು ರಾಡ್‌ಗೆ, ರೀಲ್‌ಗೆ ಸಾವಿರಗಟ್ಟಲೆ ಸುರಿಯುತ್ತಾರೆ. ದಾರ ಎಷ್ಟು ಕೆಜಿ ತಡೆಯುತ್ತದೆ ಅಂತ ಹತ್ತು ಸಲ ವಿಚಾರಿಸುತ್ತಾರೆ. ಗಾಳದ ಸರದಿ ಬಂದಾಗ ಮಾತ್ರ "ಯಾವುದಾದ್ರೂ ಒಂದು ಪ್ಯಾಕೆಟ್ ಕೊಡಿ" ಅನ್ನುತ್ತಾರೆ. ಮೀನಿನ ಬಾಯಿಗೆ ತಾಗುವುದು ಆ ಗಾಳದ ಮೊನೆ ಒಂದೇ ಅಲ್ವಾ? ಅದು ಚುಚ್ಚಲಿಲ್ಲ ಅಂದರೆ ಉಳಿದದ್ದೆಲ್ಲ ಎಷ್ಟು ದುಬಾರಿಯದಾದರೂ ಉಪಯೋಗವಿಲ್ಲ. ಅದಕ್ಕೇ ನಾನು ಅಂಗಡಿಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದು ಗಾಳದ ಮುಂದೆ.

ನಮ್ಮೂರು ತೀರ್ಥಹಳ್ಳಿ ಕಡೆ. ನಾನು ಹೆಚ್ಚಾಗಿ ಹುಡುಕುವುದು ಕೊರವನನ್ನು, ಅಂದರೆ ಮುರೆಲ್. ಕೆರೆಯ ಜೊಂಡು, ತಾವರೆ ಎಲೆ, ಹಿನ್ನೀರಿನ ಮುಳುಗಿದ ಮರದ ಬೊಡ್ಡೆ, ಇಂಥ ಕಡೆ ಅಡಗಿ ಕೂರುವ ಮೀನು. ಇದಕ್ಕೆ ಬೇಕಾದ ರಬ್ಬರ್ ಕಪ್ಪೆ, ಆಫ್‌ಸೆಟ್ ಹುಕ್ (ದಾರ ಕಟ್ಟುವ ತುದಿಯ ಹತ್ತಿರ ಮಡಿಕೆ ಇರುವ ಗಾಳ), ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರ ಇವೆಲ್ಲ ಬಹುಪಾಲು ಬಾಸ್ ಮೀನಿಗೆ ಅಂತ ತಯಾರಾದವು. ಪ್ಯಾಕೆಟ್ ಮೇಲೆ ಬಾಯಿ ತೆರೆದು ಹಾರುವ ಹಸಿರು ಮೀನಿನ ಚಿತ್ರ ಇರುತ್ತದಲ್ಲ, ಅದೇ ಬಾಸ್. ಉತ್ತರ ಅಮೆರಿಕದ ಕೆರೆ, ನದಿಗಳ ಮೀನು. ನಮ್ಮ ಹೊಳೆಯದಲ್ಲ. ಹಿಡಿಯುವ ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ. ಎರಡೂ ಗಿಡಗಂಟಿಯ ಮರೆಯಲ್ಲಿ ಹೊಂಚು ಹಾಕಿ ಕಪ್ಪೆ, ಸಣ್ಣ ಮೀನುಗಳ ಮೇಲೆ ಎರಗುತ್ತವೆ. ಹಾಗಾಗಿ ಬಾಸ್ ಗಾಳದ ಬಗ್ಗೆ ಅಲ್ಲಿನವರು ಕಲಿತಿರುವ ಎಷ್ಟೋ ವಿಷಯ ನಮಗೂ ಕೆಲಸಕ್ಕೆ ಬರುತ್ತದೆ.

ಆದರೆ ಒಂದು ವ್ಯತ್ಯಾಸ ಇದೆ. ಬಾಸ್‌ಗೆ ಅಗಲವಾದ ಬಾಯಿ, ದವಡೆಯ ಪಕ್ಕದಲ್ಲಿ ತೆಳು ಚರ್ಮ. ಗಾಳ ಅಲ್ಲಿ ಸಲೀಸಾಗಿ ಇಳಿಯುತ್ತದೆ. ಕೊರವನ ಬಾಯಿ ಹಾಗಲ್ಲ. ಒಂದು ಸಲ ಸತ್ತ ಕೊರವನ ಬಾಯಿ ಬಿಡಿಸಿ ಬೆರಳಾಡಿಸಿ ನೋಡಿ. ಕೆಳದವಡೆಯಲ್ಲಿ ಹಿಂದಕ್ಕೆ ಬಾಗಿದ ಚೂಪು ಹಲ್ಲು. ಅಂಗುಳಿನ ಭಾಗ ಮೂಳೆಯಂತೆ ಗಟ್ಟಿ. ಮೆತ್ತನೆ ಜಾಗ ಇರುವುದು ದವಡೆಯ ಮೂಲೆಯಲ್ಲಿ, ಅದೂ ಸ್ವಲ್ಪವೇ. ಮೊಂಡು ಗಾಳ ಆ ಮೂಳೆ ಮೇಲೆ ಜಾರಿ ಹೊರಗೆ ಬರುತ್ತದೆ. "ಕಚ್ಚಿತ್ತು, ಎಳೆದೆ, ಬಿಟ್ಟೋಯ್ತು" ಅಂತ ನಾವು ಹೇಳುವ ಕಥೆಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುವುದು. ಹಾಗಂತ ಮೊನೆಯ ಆಸೆಗೆ ತೀರಾ ತೆಳು ತಂತಿಯ ಗಾಳ ಹಾಕಿದರೆ ಅದು ಚುಚ್ಚುತ್ತದೆ, ಆಮೇಲೆ ಮೀನು ಜೊಂಡಿಗೆ ನುಗ್ಗಿದಾಗ ಬಿಚ್ಚಿಕೊಳ್ಳುತ್ತದೆ. ಮೊನೆ ಮತ್ತು ತಂತಿಯ ದಪ್ಪ, ಎರಡನ್ನೂ ಸೇರಿಸಿಯೇ ಯೋಚಿಸಬೇಕು.

ಮೊನೆ ನೋಡುವುದನ್ನು ನನಗೆ ಕಲಿಸಿದ್ದು ಚಿಕ್ಕಪ್ಪ. ಬಿದಿರು ಗಳ, ಬೆಂಡು, ಎರೆಹುಳು ಬಿಟ್ಟು ಬೇರೆ ಏನನ್ನೂ ಮುಟ್ಟದವರು. "ಉಗುರಿನ ಮೇಲೆ ಎಳೆದು ನೋಡೋ ಮಾರಾಯ, ಕಣ್ಣಲ್ಲಿ ನೋಡಿದ್ರೆ ಎಂತ ಗೊತ್ತಾಗ್ತದೆ?" ಅನ್ನುತ್ತಿದ್ದರು. ಗಾಳವನ್ನು ಸಡಿಲವಾಗಿ ಹಿಡಿದು, ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಸ್ವಲ್ಪ ಓರೆಯಾಗಿ ಇಡಬೇಕು. ಒತ್ತಬಾರದು. ಗಾಳದ ಭಾರವೇ ಸಾಕು. ಹಾಗೇ ಮೆಲ್ಲಗೆ ಎಳೆಯಬೇಕು. ಒಳ್ಳೆಯ ಮೊನೆಯಾದರೆ ತಕ್ಷಣ ಉಗುರಿಗೆ ಕಚ್ಚಿ ನಿಲ್ಲುತ್ತದೆ, ಬಿಳಿ ಗೀರು ಬೀಳುತ್ತದೆ. ಸಾಧಾರಣ ಮೊನೆ ಸ್ವಲ್ಪ ದೂರ ಜಾರಿ ಆಮೇಲೆ ಹಿಡಿಯುತ್ತದೆ. ಮೊಂಡಾಗಿದ್ದರೆ ಉಗುರಿನ ಆಚೆ ತುದಿವರೆಗೂ ನುಣ್ಣಗೆ ಹೋಗಿಬಿಡುತ್ತದೆ. ಅಂಥದ್ದು ಕೊರವನ ಮೂಳೆ ಮೇಲೂ ಹಾಗೇ ಹೋಗುತ್ತದೆ.

ಈ ಪರೀಕ್ಷೆಯನ್ನು ಹೊಸ ಪ್ಯಾಕೆಟ್ ಒಡೆದಾಗ ಪ್ರತಿ ಗಾಳಕ್ಕೂ ಮಾಡುತ್ತೇನೆ. ಬಿಡಿಯಾಗಿ ತೂಗಿ ಕೊಡುವ ಅಗ್ಗದ ಗಾಳಗಳಲ್ಲಿ ನನಗೆ ಕಂಡ ದೊಡ್ಡ ತೊಂದರೆ ಇದೇ. ಒಂದು ಚೂಪಾಗಿರುತ್ತದೆ, ಪಕ್ಕದ್ದು ಮೊಂಡು. ಎಲ್ಲವೂ ಕೆಟ್ಟದ್ದಾಗಿದ್ದರೆ ಬಿಸಾಡಬಹುದಿತ್ತು. ಇಲ್ಲಿ ಯಾವುದನ್ನು ನಂಬಬೇಕು ಅಂತ ಗೊತ್ತಾಗುವುದಿಲ್ಲ. ಒಳ್ಳೆಯ ಕಂಪನಿಯ ಪ್ಯಾಕೆಟ್‌ಗೆ ಜಾಸ್ತಿ ದುಡ್ಡು ಕೊಡುವುದು ಆ ನಂಬಿಕೆಗೆ. ನಾರ್ವೆಯ ಮಸ್ಟಡ್ 1877ರಿಂದ ಗಾಳ ಮಾಡುತ್ತಿದೆ. ಜಪಾನಿನ ಗಮಕಾಟ್ಸು ಮತ್ತು ಓನರ್ ಎರಡೂ ಹ್ಯೋಗೊ ಪ್ರಾಂತ್ಯದವು. ಫ್ರಾನ್ಸಿನ ವಿಎಂಸಿ ಇದೆ. ಇವು ಯಾವುದಾದರೂ ಆದೀತು. ಒಂದೇ ಪ್ಯಾಕೆಟ್‌ನ ಗಾಳಗಳು ಒಂದೇ ಥರ ಇರಬೇಕು, ಅಷ್ಟೇ. ಲೇಬಲ್ ಹೆಸರಾಂತದ್ದಾಗಿದ್ದು ಒಳಗಿನ ಗಾಳಗಳ ಬಾಗು ಒಂದಕ್ಕೊಂದು ಹೊಂದದಿದ್ದರೆ ನಾನು ನಕಲಿ ಅಂತಲೇ ಅನುಮಾನಿಸುತ್ತೇನೆ.

ಇಂಥ ಕಂಪನಿಗಳ ಎಷ್ಟೋ ಗಾಳಗಳ ಮೇಲೆ ಕೆಮಿಕಲಿ ಶಾರ್ಪನ್ಡ್ ಅಂತ ಬರೆದಿರುತ್ತದೆ. ಗಾಳವನ್ನು ಆಸಿಡ್‌ನಲ್ಲಿ ಅದ್ದಿ, ಮೇಲ್ಪದರ ಸವೆಸಿ, ಮೊನೆಯನ್ನು ಸೂಜಿಯ ಹಾಗೆ ಮಾಡುವುದು. ಅರದಲ್ಲಿ ಉಜ್ಜಿ ಅಷ್ಟು ಸಣ್ಣ ಮೊನೆ ತರುವುದು ಕಷ್ಟ. ಆದರೆ ಮೊನೆ ಸಣ್ಣ ಇದ್ದಷ್ಟೂ ಬೇಗ ಮುರಿಯುತ್ತದೆ. ತುಂಗೆಯಲ್ಲಿ ಹಾಸುಬಂಡೆಗಳ ನಡುವೆ ಎಸೆಯುವಾಗ ಒಂದೇ ಒಂದು ಸಲ ಕಲ್ಲಿಗೆ ತಾಗಿದರೂ ತುದಿ ಮಡಚಿಕೊಳ್ಳಬಹುದು. ಕಣ್ಣಿಗೆ ಕಾಣುವುದಿಲ್ಲ. ಉಗುರಿಗೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಕಲ್ಲಿಗೆ, ಬೊಡ್ಡೆಗೆ ಸಿಕ್ಕಿ ಬಿಡಿಸಿಕೊಂಡ ಮೇಲೆ, ಮೀನು ಹಿಡಿದ ಮೇಲೆ, ಮತ್ತೆ ಎಸೆಯುವ ಮುಂಚೆ ಉಗುರಿನ ಮೇಲೆ ಒಂದು ಸಲ ಎಳೆಯುವುದು ನನಗೆ ಈಗ ರೂಢಿ.

ಇನ್ನು ತಂತಿಯ ಗಟ್ಟಿತನ. ನಮಗೆ ಹೆಚ್ಚು ಇಂಗಾಲ ಇರುವ ಕಾರ್ಬನ್ ಸ್ಟೀಲ್ ಗಾಳವೇ ಸರಿ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ, ಸಮುದ್ರಕ್ಕೆ ಒಳ್ಳೆಯದು. ಸಿಹಿನೀರಿನಲ್ಲಿ ಅದರ ಅಗತ್ಯ ಇಲ್ಲ. ಮೀನಿನ ಬಾಯಲ್ಲೇ ಉಳಿದುಹೋದರೆ ಕಾರ್ಬನ್ ಸ್ಟೀಲ್ ನಿಧಾನಕ್ಕೆ ತುಕ್ಕು ಹಿಡಿದು ಸವೆಯುತ್ತದೆ, ಅದೂ ಒಂದು ಕಾರಣ. ಉಕ್ಕನ್ನು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸುತ್ತಾರೆ. ಈ ಹದ ತಪ್ಪಿದರೆ ಗಾಳ ಒಂದೋ ಮೇಣದ ಹಾಗೆ ಬಾಗುತ್ತದೆ, ಇಲ್ಲ ಟಕ್ ಅಂತ ಮುರಿಯುತ್ತದೆ. ಹೊಸ ಥರದ ಗಾಳ ತಂದಾಗ ಅದರಲ್ಲಿ ಒಂದನ್ನು ನಾನು ಪರೀಕ್ಷೆಗೆ ಅಂತಲೇ ಬಿಡುತ್ತೇನೆ. ಮೊನೆಯನ್ನು ಮರದ ತುಂಡಿಗೆ ಚುಚ್ಚಿ, ಗಾಳದ ಕಣ್ಣಿನ (ದಾರ ಕಟ್ಟುವ ತೂತಿನ) ಕಡೆಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಎಳೆಯುವುದು. ಸ್ವಲ್ಪ ತೆರೆದು, ಬಿಟ್ಟಾಗ ವಾಪಸ್ ತನ್ನ ಆಕಾರಕ್ಕೆ ಬಂದರೆ ಹದ ಸರಿ ಇದೆ. ತೆರೆದದ್ದು ತೆರೆದೇ ಉಳಿದರೆ ಮೆತ್ತಗಿದೆ. ಹೀಗೆ ಮಾಡುವಾಗ ಕನ್ನಡಕ ಹಾಕಿಕೊಳ್ಳಿ. ಮುರಿದ ಚೂರು ಕಣ್ಣಿಗೆ ಸಿಡಿಯುತ್ತದೆ.

ಪ್ಯಾಕೆಟ್ ಮೇಲೆ 2X, 3X ಅಂತ ಇದ್ದರೆ ಆ ಅಳತೆಗೆ ಇರಬೇಕಾದ್ದಕ್ಕಿಂತ ದಪ್ಪ ತಂತಿ ಅಂತ ಅರ್ಥ. ಜೊಂಡಿನಲ್ಲಿ ಬ್ರೇಡ್ ದಾರ, ಗಡಸು ರಾಡ್ ಹಿಡಿದು ಎಳೆಯುವಾಗ ನನಗೆ ಅಂಥದ್ದೇ ಬೇಕು. ಆದರೆ ದಪ್ಪ ತಂತಿ ಚುಚ್ಚಲು ಬಲ ಜಾಸ್ತಿ ಬೇಕು. ಮೆತ್ತನೆ ರಾಡ್, ತೆಳು ನೈಲಾನ್ ದಾರಕ್ಕೆ ದಪ್ಪ ಗಾಳ ಕಟ್ಟಿದರೆ ನೀವು ಎಷ್ಟೇ ಜೋರಾಗಿ ಜಗ್ಗಿದರೂ ಆ ಬಲ ದಾರ ಹಿಗ್ಗುವುದರಲ್ಲೇ ಕಳೆದುಹೋಗುತ್ತದೆ. ಅಂಥ ಸೆಟ್ಟಿಗೆ ತೆಳು ಗಾಳವೇ ಸರಿ.

ಲಿಂಗನಮಕ್ಕಿ ಹಿನ್ನೀರಿನಲ್ಲಿ ಈ ಲೆಕ್ಕ ಸ್ವಲ್ಪ ಬೇರೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಬೇಸಿಗೆಯಲ್ಲಿ ನೀರು ಇಳಿದಾಗ ಈಗಲೂ ತಲೆ ಎತ್ತುತ್ತವೆ. ಆ ಬೊಡ್ಡೆಗೆ 3X ಗಾಳ ಸಿಕ್ಕಿದರೆ ಗಾಳವೂ ಬರುವುದಿಲ್ಲ, ದಾರವೂ ಹೋಗುತ್ತದೆ. ಅಲ್ಲಿ ನಾನು ಒಂದು ಮೆಟ್ಟಿಲು ತೆಳು ಗಾಳ ಹಾಕುತ್ತೇನೆ. ಬ್ರೇಡ್ ಗಟ್ಟಿ ಇದ್ದರೆ ಎಳೆದಾಗ ಗಾಳವೇ ಬಾಗಿ ಬಿಡಿಸಿಕೊಂಡು ಬರುತ್ತದೆ, ಲ್ಯೂರ್ (ಮೀನನ್ನು ಸೆಳೆಯುವ ನಕಲಿ ಎರೆ) ಉಳಿಯುತ್ತದೆ. ಹಾಗೆ ಬಾಗಿದ ಗಾಳವನ್ನು ಮಾತ್ರ ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ಒಮ್ಮೆ ಬಾಗಿದ ಜಾಗ ಸೊರಗಿರುತ್ತದೆ. ದೊಡ್ಡ ಮೀನು ಬಂದಾಗ ಅಲ್ಲೇ ಬಿಚ್ಚುವುದು.

ಅಳತೆಯ ನಂಬರು ಹೊಸಬರಿಗೆ ಗೊಂದಲ ಹುಟ್ಟಿಸುತ್ತದೆ. 10, 8, 6, 4 ಹೀಗೆ ನಂಬರು ಇಳಿದಷ್ಟೂ ಗಾಳ ದೊಡ್ಡದು. 1 ಆದ ಮೇಲೆ 1/0, 2/0, 3/0 ಅಂತ ಏರುತ್ತದೆ, ಆಗ ನಂಬರು ಏರಿದಷ್ಟೂ ದೊಡ್ಡದು. ಅದೂ ಎಲ್ಲ ಕಂಪನಿಗೂ ಒಂದೇ ಅಲ್ಲ. ಒಬ್ಬರ 3/0 ಇನ್ನೊಬ್ಬರ 2/0 ಪಕ್ಕ ಇಟ್ಟರೆ ಒಂದೇ ಕಾಣಬಹುದು. ಎರೆಹುಳು ಹಾಕಿ ಸಣ್ಣ ಮೀನು, ಜಿಲೇಬಿ ಮೀನು (ತಿಲಾಪಿಯಾ) ಹಿಡಿಯಲು 8, 10 ಸಾಕು. ಕೊರವನಿಗೆ ರಬ್ಬರ್ ಮೀನು, ರಬ್ಬರ್ ಹುಳು ಹಾಕುವಾಗ ನಾನು 3/0 ಇಂದ 5/0 ವರೆಗೆ ಆಫ್‌ಸೆಟ್ ಹುಕ್ ಬಳಸುತ್ತೇನೆ. ಇದರಲ್ಲಿ ನಂಬರಿಗಿಂತ ಮೊನೆಗೂ ಗಾಳದ ಕಾಲಿಗೂ (ಉದ್ದನೆ ನೆಟ್ಟಗಿನ ಭಾಗಕ್ಕೂ) ನಡುವಿನ ಜಾಗ ನೋಡಿ. ಮೀನು ಕಚ್ಚಿದಾಗ ರಬ್ಬರ್ ಮುದ್ದೆಯಾಗಿ ಆ ಜಾಗಕ್ಕೆ ಬಂದು ತುಂಬುತ್ತದೆ. ಜಾಗ ಕಡಿಮೆ ಇದ್ದರೆ ಮೊನೆ ಹೊರಗೆ ಬರುವುದೇ ಇಲ್ಲ. ರಬ್ಬರ್ ದಪ್ಪ ಇದ್ದರೆ ಅಗಲ ಬಾಯಿಯ ಗಾಳ, ತೆಳು ಇದ್ದರೆ ಸಾಧಾರಣದ್ದು.

ಕಣ್ಣನ್ನು ಯಾರೂ ನೋಡುವುದಿಲ್ಲ. ತಂತಿಯನ್ನು ಸುತ್ತಿ ಕಣ್ಣು ಮಾಡಿರುತ್ತಾರಲ್ಲ, ಅದರ ತುದಿ ಕಾಲಿಗೆ ಸರಿಯಾಗಿ ಅಂಟಿಕೊಂಡಿರಬೇಕು. ಕೂದಲೆಳೆ ಸಂದು ಇದ್ದರೂ ಬ್ರೇಡ್ ಅದರೊಳಗೆ ಜಾರುತ್ತದೆ, ಇಲ್ಲ ತುದಿಯ ಅಂಚು ದಾರವನ್ನು ಕೊಯ್ಯುತ್ತದೆ. ಬೆಳಕಿಗೆ ಹಿಡಿದು ನೋಡುತ್ತೇನೆ. ಸಂದು ಕಂಡರೆ ಅದನ್ನು ಎರೆಹುಳು ಗಾಳದ ಡಬ್ಬಿಗೆ ಹಾಕಿ ನೈಲಾನ್ ದಾರಕ್ಕೆ ಕಟ್ಟುತ್ತೇನೆ.

ರಬ್ಬರ್ ಕಪ್ಪೆಯ ಬಗ್ಗೆ ಎರಡು ಮಾತು. ಇದರ ಜೋಡಿ ಗಾಳ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತದೆ. ಅದಕ್ಕೇ ತಾವರೆ ಎಲೆ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಕೆಲವು ಕಪ್ಪೆಗಳಲ್ಲಿ ಮೊನೆಗಳು ಎಷ್ಟು ಒಳಗೆ ಇರುತ್ತವೆ ಅಂದರೆ ಮೀನು ಅದುಮಿದರೂ ಹೊರಗೆ ಬರುವುದಿಲ್ಲ. ಕಪ್ಪೆಯ ಹೊಟ್ಟೆಯನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ. ಎರಡೂ ಮೊನೆ ಪೂರ್ತಿ ಹೊರಗೆ ಕಾಣಬೇಕು. ಕಾಣದಿದ್ದರೆ ಪ್ಲೇಯರ್‌ನಲ್ಲಿ ಒಂದಿಷ್ಟೇ ಇಷ್ಟು ಹೊರಗೆ ತಿರುಗಿಸುತ್ತೇನೆ. ನಿಧಾನ ಬೇಕು, ಗಡಸು ಉಕ್ಕು ಜಾಸ್ತಿ ಬಗ್ಗಿಸಿದರೆ ಮುರಿಯುತ್ತದೆ. ಕೊರವ ನೀರು ಸಿಡಿಸಿ ಎರಗಿದ ಕೂಡಲೇ ಜಗ್ಗಬೇಡಿ. ದಾರದಲ್ಲಿ ಭಾರ ಸಿಗಲಿ, ಆಮೇಲೆ ಒಂದೇ ಸಲ ಬಲವಾಗಿ ಎಳೆಯಿರಿ.

ಗಟ್ಟಿ ಲ್ಯೂರ್‌ಗಳ ಜೊತೆ ಬರುವ ಮೂರು ಮೊನೆಯ ಟ್ರೆಬಲ್ ಹುಕ್ ನನಗೆ ಇಷ್ಟವಿಲ್ಲ. ಮೂರರಲ್ಲಿ ಒಂದು ಬಾಯಿಗೆ, ಇನ್ನೊಂದು ಕಣ್ಣಿಗೋ ಕಿವಿರಿಗೋ ಚುಚ್ಚಿರುತ್ತದೆ. ಬಿಡಿಸುವುದು ಮೀನಿಗೂ ಹಿಂಸೆ, ನಮ್ಮ ಕೈಗೂ ಅಪಾಯ. ತೆಗೆದು ದಪ್ಪ ಸಿಂಗಲ್ ಹುಕ್ ಹಾಕುತ್ತೇನೆ. ತೂಕ ಹತ್ತಿರ ಹತ್ತಿರ ಇರಬೇಕು. ಇಲ್ಲದಿದ್ದರೆ ಲ್ಯೂರ್ ವಾಲಿಕೊಂಡು ಈಜುತ್ತದೆ. ಬಕೆಟ್ ನೀರಿನಲ್ಲೇ ಬಿಟ್ಟು ನೋಡಬಹುದು. ಮೊನೆಯ ಹಿಂದಿನ ಮುಳ್ಳನ್ನೂ ಎಷ್ಟೋ ಸಲ ಪ್ಲೇಯರ್‌ನಲ್ಲಿ ಅದುಮಿ ಮಟ್ಟಸ ಮಾಡುತ್ತೇನೆ. ಮುಳ್ಳಿಲ್ಲದ ಗಾಳ ಇನ್ನೂ ಸಲೀಸಾಗಿ ಇಳಿಯುತ್ತದೆ. ದಾರ ಸಡಿಲ ಬಿಡದಿದ್ದರೆ ಮೀನು ಹೋಗುವುದಿಲ್ಲ.

ಮಳೆಗಾಲದಲ್ಲಿ ಕೊರವ ಮರಿ ಮಾಡಿಕೊಂಡಿರುತ್ತದೆ. ಕೆರೆಯ ಮೇಲ್ಮೈಯಲ್ಲಿ ಕೆಂಪು ಮರಿಗಳ ಗುಂಪು ಕುದಿಯುವ ಹಾಗೆ ಕಾಣುತ್ತದೆ, ಕೆಳಗೆ ತಾಯಿ, ತಂದೆ ಕಾವಲು. ಆಗ ಏನು ಹಾಕಿದರೂ ಸಿಟ್ಟಿಗೆ ಕಚ್ಚುತ್ತವೆ. ಅವನ್ನು ಹಿಡಿದರೆ ಮರಿಗಳನ್ನು ಉಳಿದ ಮೀನುಗಳು ಮುಗಿಸುತ್ತವೆ. ಅಲ್ಲಿ ದಯವಿಟ್ಟು ಗಾಳ ಹಾಕಬೇಡಿ. ಶೃಂಗೇರಿಯ ದೇವರ ಮೀನು, ನಮ್ಮ ಚಿಬ್ಬಲಗುಡ್ಡೆಯ ಮತ್ಸ್ಯಧಾಮದ ವಿಷಯ ಹೇಳಬೇಕಾಗಿಯೇ ಇಲ್ಲ. ಊರ ಕೆರೆಗಳನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನು ಕೇಳಿಯೇ ಇಳಿಯಿರಿ.

ಮಲೆನಾಡಿನಲ್ಲಿ ಗಾಳಕ್ಕೆ ದೊಡ್ಡ ಶತ್ರು ಮೀನಲ್ಲ, ಥಂಡಿ. ಜೂನ್‌ನಲ್ಲಿ ಮುಚ್ಚಿಟ್ಟ ಡಬ್ಬಿಯನ್ನು ಅಕ್ಟೋಬರ್‌ನಲ್ಲಿ ತೆಗೆದರೆ ಒಳಗೆ ಕಂದು ಪುಡಿ. ಒದ್ದೆ ಲ್ಯೂರ್ ಒಂದು ಒಳಗೆ ಸೇರಿದ್ದರೂ ಸಾಕು, ಸುತ್ತ ಇರುವ ಗಾಳಕ್ಕೆಲ್ಲ ತುಕ್ಕು. ಹೊಳೆಯಿಂದ ಬಂದ ಕೂಡಲೇ ಗಾಳಗಳನ್ನು ಒರೆಸಿ, ಬಚ್ಚಲೊಲೆಯ ಮೇಲಿನ ಗೂಡಿನಲ್ಲಿ ರಾತ್ರಿಯಿಡೀ ತೆರೆದಿಡುತ್ತೇನೆ. ಮಳೆಗಾಲ ಪೂರ್ತಿ ಆ ಒಲೆ ಉರಿಯುತ್ತಲೇ ಇರುತ್ತದೆ, ಒಳ್ಳೆ ಬೆಚ್ಚಗಿನ ಜಾಗ. ರಬ್ಬರ್ ಸಾಮಾನು ಅಲ್ಲಿಡಬೇಡಿ, ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ತೆಳುವಾಗಿ ಒರೆಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕುತ್ತೇನೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಜೊತೆಗೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಜಿಗುಟಾಗುತ್ತದೆ.

ಸ್ವಲ್ಪ ಮೊಂಡಾದ ದೊಡ್ಡ ಗಾಳವನ್ನು ಸಣ್ಣ ಅರದಲ್ಲಿ ಹರಿತ ಮಾಡಬಹುದು. ಮೊನೆಯ ಎರಡು ಪಕ್ಕ, ಆಮೇಲೆ ಹೊರ ಬೆನ್ನು, ಹೀಗೆ ಮೂರು ಮುಖ ಬರುವಂತೆ, ಒಂದೇ ದಿಕ್ಕಿಗೆ ನಾಲ್ಕಾರು ಸಲ ಮೆಲ್ಲಗೆ ಉಜ್ಜಿದರೆ ಸಾಕು. ಹಿಂದೆ ಮುಂದೆ ತಿಕ್ಕಿದರೆ ತುದಿಯಲ್ಲಿ ತೆಳು ಸಿಬಿರು ಏಳುತ್ತದೆ. ಅರ ಮುಟ್ಟಿದ ಕಡೆ ಮೇಲಿನ ಲೇಪ ಹೋಗಿರುವುದರಿಂದ ಅಲ್ಲಿ ಮೊದಲು ತುಕ್ಕು ಬರುತ್ತದೆ, ಎಣ್ಣೆ ಮರೆಯಬೇಡಿ. ಸಣ್ಣ ಗಾಳಕ್ಕೆ ಈ ಕಷ್ಟ ಬೇಡ, ಬದಲಿಸಿಬಿಡಿ. ಬದಲಿಸಿದ್ದನ್ನು ಸುಮ್ನೆ ದಡದಲ್ಲಿ ಎಸೆಯಬೇಡಿ. ಬರಿಗಾಲಿನ ಮಕ್ಕಳು, ನೀರು ಕುಡಿಯಲು ಬರುವ ದನಕರು ಅದೇ ದಾರಿಯಲ್ಲಿ ಓಡಾಡುವುದು. ನಾನು ಒಂದು ಪ್ಲಾಸ್ಟಿಕ್ ಬಾಟಲಿಗೆ ಹಾಕಿಕೊಂಡು ಮನೆಗೆ ತರುತ್ತೇನೆ. ಬಾಟಲಿ ತುಂಬಿದಾಗ ಗುಜರಿಯವರಿಗೆ ಒಳಗೆ ಏನಿದೆ ಅಂತ ಹೇಳಿ ಕೊಡುತ್ತೇನೆ.