ಬೆಳಗಾವಿ ಥಂಡಿಗೆ ರೇಡಿಯೇಟರ್: ಅಂದ ನೋಡುವ ಮೊದಲು ಕೋಣೆ ಅಳೆಯಿರಿ

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಗೋಡೆ ತಣ್ಣಗೆ, ಹಾಸಿಗೆ ಹಸಿಹಸಿ. ಅದು ಮುಗಿಯಿತು ಅನ್ನುವಷ್ಟರಲ್ಲಿ ಡಿಸೆಂಬರ್ ಥಂಡಿ. ಗಟ್ಟಿ ಇದ್ದವರು ಕೌದಿ ಹೊದ್ದು ಕಳೆದುಬಿಡುತ್ತಾರೆ. ಮನೆಯಲ್ಲಿ ವಯಸ್ಸಾದವರು, ಬಾಣಂತಿ, ಕೂಸು ಇದ್ದರೆ ಅಷ್ಟು ಸಾಲುವುದಿಲ್ಲ. ಮೊಣಕಾಲು ನೋವಿನಿಂದ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ ಅವ್ವನಿಗಾಗಿ ಟಿಳಕವಾಡಿಯ ನಮ್ಮ ಮನೆಗೂ ಕೋಣೆ ಬೆಚ್ಚಗೆ ಮಾಡುವ ಒಂದು ರೇಡಿಯೇಟರ್ ಬಂತು. ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನಿಸಿದ ಮಾತುಗಳು ಇವು.

ಎಲ್ಲಕ್ಕಿಂತ ಮೊದಲು ಒಂದು ವಿಷಯ. ಮುಚ್ಚಿದ ಕೋಣೆಯಲ್ಲಿ ಕೆಂಡದ ಶೇಗಡಿ ಇಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗದೆ ಜೀವ ಹೋಗಬಹುದು.

ಕರೆಂಟಿನದೋ, ಬಿಸಿನೀರಿನದೋ?

ಮೊಬೈಲ್‌ನಲ್ಲಿ ಡಿಸೈನರ್ ರೇಡಿಯೇಟರ್ ಅಂತ ಹುಡುಕಿದರೆ ಗೋಡೆಯೆತ್ತರ ನಿಂತ ಕಪ್ಪು ಕೊಳವೆಗಳು, ಏಣಿಯಂಥವು, ಕನ್ನಡಿ ಕೂರಿಸಿದವು, ಎಷ್ಟೆಲ್ಲ ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ಯುರೋಪಿನ ಮನೆಗಳಿಗೆ ಮಾಡಿದವು. ಅಲ್ಲಿ ಬಾಯ್ಲರ್‌ನಲ್ಲಿ ಕಾದ ನೀರು ಪೈಪಿನಲ್ಲಿ ಮನೆಯೆಲ್ಲ ಸುತ್ತಿ ಅದರೊಳಗೆ ಹರಿಯುತ್ತದೆ. ನಮ್ಮ ಮನೆಗಳಲ್ಲಿ ಆ ಪೈಪೇ ಇಲ್ಲವಲ್ಲ. ಹಾಗಾಗಿ ಕರೆಂಟಿನದೇ ಬೇಕು. ಚಕ್ರ ಇರುವ ಆಯಿಲ್ ರೇಡಿಯೇಟರ್, ಗೋಡೆಗೆ ಹಾಕುವ ಚಪ್ಪಟೆ ಪ್ಯಾನೆಲ್, ಬಚ್ಚಲಿಗೆ ಟವೆಲ್ ರೇಲ್ (ಟವೆಲ್ ಒಣಹಾಕುವ ಬಿಸಿ ಕಂಬಿ), ಈ ಮೂರರಲ್ಲೇ ಆರಿಸಿಕೊಳ್ಳಿ.

ಟೇಪು ಹಿಡಿಯಿರಿ

ಅಂಗಡಿಗೆ ಹೋಗುವ ಮೊದಲು ಕೋಣೆಯ ಉದ್ದ, ಅಗಲ ಅಳೆದುಕೊಳ್ಳಿ. ಒಂದು ಚದರ ಅಡಿಗೆ 10 ವ್ಯಾಟ್ ಅನ್ನುವುದು ಸರಳ ಲೆಕ್ಕ. 10×12 ಅಡಿ ಕೋಣೆಗೆ 1,200 ವ್ಯಾಟ್ ಆಯಿತು. ಊರಿನ ದಂಡು ಪ್ರದೇಶವಾದ ಕ್ಯಾಂಪಿನ ಹಳೆ ಬಂಗಲೆಗಳಂತೆ ಸೂರು ಎತ್ತರವಿದ್ದರೆ, ಅಥವಾ ಸೀಲಿಂಗ್ ಇಲ್ಲದ ಹಂಚಿನ ಮನೆಯಾದರೆ, 1,500ರಿಂದ 2,000 ಇರಲಿ. ಹಂಚಿನ ಸಂದಿಯಿಂದ ಬಿಸಿ ಹೊರಗೆ ಹೋಗುತ್ತಲೇ ಇರುತ್ತದೆ.

ಆಯಿಲ್ ರೇಡಿಯೇಟರ್ ಕೇಳಿದರೆ ಅಂಗಡಿಯಲ್ಲಿ 9 ಫಿನ್, 11 ಫಿನ್, 13 ಫಿನ್ ಅಂತ ಹೇಳುತ್ತಾರೆ. ಫಿನ್ ಅಂದರೆ ಸಾಲಾಗಿ ನಿಂತ ಲೋಹದ ಪಟ್ಟಿಗಳು. ವ್ಯಾಟ್ ಒಂದೇ ಇದ್ದರೆ ಬಿಸಿಯೂ ಒಂದೇ. ಫಿನ್ ಜಾಸ್ತಿ ಇದ್ದರೆ ಆ ಬಿಸಿ ಅಗಲವಾಗಿ ಹರಡುತ್ತದೆ, ಹೀಟರಿನ ಮೈ ಅಷ್ಟು ಸುಡುವುದಿಲ್ಲ. ಬಂದ್ ಮಾಡಿದ ಮೇಲೂ ಒಳಗಿನ ಎಣ್ಣೆ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಆ ಎಣ್ಣೆ ಉರಿಯುವುದೂ ಇಲ್ಲ, ತೀರುವುದೂ ಇಲ್ಲ. ಮಲಗುವ ಕೋಣೆಗೆ ನಾನು ಈ ಆಯಿಲ್ ರೇಡಿಯೇಟರನ್ನೇ ಹೇಳುತ್ತೇನೆ. ಫ್ಯಾನಿನ ಹೀಟರ್ ಬೇಗ ಬಿಸಿ ಮಾಡುತ್ತದೆ ನಿಜ, ಆದರೆ ಸದ್ದಿಗೆ ನಿದ್ದೆ ಬರುವುದಿಲ್ಲ.

ಐಎಸ್‌ಐ ಗುರುತು, ಬಿದ್ದರೆ ತಾನೇ ಆಫ್ ಆಗುವ ಸ್ವಿಚ್, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟ್ಯಾಟ್ ಇವು ಇರಲೇಬೇಕು. ಬಣ್ಣ ಆಮೇಲೆ ನೋಡಿ.

ಸಾಕೆಟ್ ನೋಡಿ

ಇಲ್ಲೇ ನಾವು ಎಡವಿದ್ದು. 2,000 ವ್ಯಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಟೇಬಲ್ ಫ್ಯಾನ್ ಹಾಕುವ ಸಣ್ಣ ಸಾಕೆಟ್ 6 ಆಂಪಿಯರಿನದು. ಗೀಸರ್‌ಗೆ ಇರುತ್ತಲ್ಲ, ದಪ್ಪ ತೂತಿನದು, ಅದು 16. ಗೊತ್ತಿಲ್ಲದೆ ನಾವು ಮೊದಲ ರಾತ್ರಿ ದಪ್ಪ ಪ್ಲಗ್ಗನ್ನು ಸಣ್ಣ ತೂತಿಗೆ ಹೊಂದಿಸುವ ಕನ್ವರ್ಟರ್ ಸಿಕ್ಕಿಸಿ ಅವ್ವನ ಮಂಚದ ಪಕ್ಕದ ಸಣ್ಣ ಸಾಕೆಟ್‌ಗೇ ಹಾಕಿಬಿಟ್ಟೆವು. ಅರ್ಧ ಗಂಟೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮೇನ್ ಆಫ್ ಮಾಡಿ ಕಿತ್ತು ನೋಡಿದರೆ ಒಂದು ಪಿನ್ನಿನ ಬುಡ ಕರ್ರಗಾಗಿತ್ತು. ಸಾಕೆಟ್ಟಿನ ಬಿಳಿ ಮುಖ ಹಪ್ಪಳದಂತೆ ಉಬ್ಬಿತ್ತು. "ಬ್ಯಾಡವ್ವಾ ಅದು, ನನಗ ಕೌದಿ ಸಾಕು" ಅಂದಳು ಅವ್ವ.

ಮರುದಿನ ವೈರ್‌ಮನ್ ಬಂದು ಮೇನ್ ಬೋರ್ಡಿನಿಂದ ಬೇರೆ ಲೈನ್ ಎಳೆದ. 4 ಸ್ಕ್ವೇರ್ ಎಂಎಂ ವೈರ್, 16 ಆಂಪಿಯರ್ ಸಾಕೆಟ್, ಅದಕ್ಕೇ ಒಂದು ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್. ಹೀಟರ್ ಕೊಳ್ಳುವ ದುಡ್ಡಿನಲ್ಲಿ ಈ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಬೇಡವೇ ಬೇಡ.

ಬಚ್ಚಲಿನ ಟವೆಲ್ ರೇಲ್ ಮಳೆಗಾಲದಲ್ಲಿ ತುಂಬಾ ಉಪಯೋಗ. ನೀರು ಸಿಡಿದರೂ ತಡೆಯುವಂತೆ ಐಪಿ 44 ಎಂದು ಬರೆದಿರಬೇಕು, ಲೈನಿಗೆ ಕರೆಂಟ್ ಸೋರಿದರೆ ತಕ್ಷಣ ಬಂದ್ ಮಾಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು.

ಬಿಲ್ಲಿನ ಲೆಕ್ಕ

1,500 ವ್ಯಾಟಿನದು ದಿನಕ್ಕೆ 3 ಗಂಟೆ ನಿಲ್ಲದೆ ನಡೆದರೆ ನಾಲ್ಕೂವರೆ ಯೂನಿಟ್, ತಿಂಗಳಿಗೆ 135. ಗೃಹಜ್ಯೋತಿಯಲ್ಲಿರುವವರು ಇದನ್ನು ಸರಿಯಾಗಿ ಗಮನಿಸಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಸ್ಕಾಂ ಬಿಲ್ ಪೂರ್ತಿ ನೀವೇ ಕಟ್ಟಬೇಕು.

ಉಳಿಸುವ ದಾರಿ ಥರ್ಮೋಸ್ಟ್ಯಾಟಿನಲ್ಲಿದೆ. ಮೊದಲು ಪೂರ್ತಿ ತಿರುಗಿಸಿಡಿ. ಕೋಣೆ ಹದವಾಗಿ ಬೆಚ್ಚಗಾದಾಗ ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತ ಬನ್ನಿ. 'ಟಕ್' ಅಂತ ಸದ್ದಾಗುತ್ತದೆ. ಅಲ್ಲೇ ಬಿಟ್ಟುಬಿಡಿ. ಥಂಡಿ ಏರಿದಾಗ ತಾನೇ ಶುರುವಾಗುತ್ತದೆ, ಸಾಕಾದಾಗ ತಾನೇ ನಿಲ್ಲುತ್ತದೆ.

ಜಾಗ, ಮೊದಲ ದಿನ

ಫಿನ್ ನಡುವೆ ಕಾದ ಗಾಳಿ ಮೇಲೇರಿ ಕೋಣೆ ಸುತ್ತಬೇಕು. ಸೋಫಾ ಹಿಂದೆ, ಪರದೆ ಕೆಳಗೆ ತಳ್ಳಬೇಡಿ. ಮಂಚದಿಂದ ಮೂರಡಿ ದೂರ ಇರಲಿ. ಒದ್ದೆ ಬಟ್ಟೆ ಅದರ ಮೇಲೆ ಹರವಬೇಡಿ, ಮಳೆಗಾಲದಲ್ಲಿ ಎಷ್ಟೇ ಆಸೆಯಾದರೂ.

ಆಟೋದಲ್ಲಿ ಅಡ್ಡ ಮಲಗಿಸಿ ತಂದಿದ್ದರೆ ಎಣ್ಣೆ ಕೆಳಗಿಳಿಯುವವರೆಗೆ ಕೆಲ ಗಂಟೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಹಚ್ಚಿ. ಮೊದಲ ಸಲ ಬಣ್ಣದ ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ಲೋಹ ಕಾದು ಹಿಗ್ಗುವಾಗ ಚಟ್ ಚಟ್ ಅನ್ನುತ್ತದೆ, ಗಾಬರಿ ಬೇಡ. ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಪ್ಲಾಸ್ಟಿಕ್ ಮೇಲೆ ಅಂಗೈ ಇಟ್ಟು ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆಗಲೇ ಬಂದ್ ಮಾಡಿ, ವೈರ್‌ಮನ್‌ಗೆ ಫೋನ್ ಮಾಡಿ.