ಕಾದರೂ ಅಷ್ಟಾಗಿ ಹಿಗ್ಗದ ಕಾರ್ಡಿಯರೈಟ್: ಎಕ್ಸ್-ರೇಯಲ್ಲಿ ಅಳೆಯುವ ಬಗೆ

ವಾಹನಗಳ ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಸಾಮಾನ್ಯವಾಗಿ ಕಾರ್ಡಿಯರೈಟ್. ಅದರ ಷಡ್ಭುಜೀಯ ರೂಪದಲ್ಲಿ, ಹರಳಿನಲ್ಲಿ ಮರುಕಳಿಸುವ ಚಿಕ್ಕ ಘಟಕದ ಎ ಅಕ್ಷ ಸುಮಾರು 9.77, ಸಿ ಅಕ್ಷ 9.35 ಆಂಗ್‌ಸ್ಟ್ರಾಂ. ಕಾಯಿಸಿದಾಗ ಎ ಹಿಗ್ಗುತ್ತದೆ, ಸಿ ತುಸು ಕುಗ್ಗುತ್ತದೆ. ಹಾಗಾಗಿ ಹರಳಿನಿಂದ ಚದುರಿದ ಎಕ್ಸ್-ರೇಯ ಒಂದೇ ಪೀಕ್ (ತೀವ್ರತೆಯ ಏರು) ನೋಡಿ ತೀರ್ಮಾನಕ್ಕೆ ಬರಬೇಡಿ.

ಅಳೆಯಬೇಕಾದದ್ದು ಎಷ್ಟು ಸಣ್ಣದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಪ್ರತಿ ಡಿಗ್ರಿಗೆ ದಶಲಕ್ಷದಲ್ಲೊಂದು ಭಾಗ ಹಿಗ್ಗುವ ಹರಳಿನ ಜಾಲವನ್ನು (ಪರಮಾಣುಗಳ ಕ್ರಮಬದ್ಧ ಜೋಡಣೆಯನ್ನು) 500 ಡಿಗ್ರಿ ಕಾಯಿಸಿದರೆ, ಎರಡು-ಥೀಟಾ (ಕಿರಣ ಬಾಗುವ ಕೋನ) 20 ಡಿಗ್ರಿಯ ಪೀಕ್ ಸರಿಯುವುದು ಬರೀ 0.01 ಡಿಗ್ರಿ, ಅದೂ ಕೆಳಗಿನ ಕೋನದತ್ತ. ಹೀಟರ್ ಪಟ್ಟಿ ಉಬ್ಬಿ ಸ್ಯಾಂಪಲ್ 0.1 ಮಿ.ಮೀ. ಮೇಲೆದ್ದರೆ, 200 ಮಿ.ಮೀ. ತ್ರಿಜ್ಯದ ಉಪಕರಣದಲ್ಲಿ ಅದೇ ಪೀಕ್ 0.056 ಡಿಗ್ರಿ ಮೇಲಕ್ಕೆ ಹೋಗುತ್ತದೆ. ಹಿಗ್ಗುತ್ತಿರುವ ವಸ್ತು ಕುಗ್ಗಿದಂತೆ ಕಾಣುತ್ತದೆ! ಈ ಅಳತೆ ಕೆಡುವುದು ಬಹುತೇಕ ಇಲ್ಲೇ.

ಅದಕ್ಕೆ ನುಣ್ಣಗೆ ಅರೆದ ಪುಡಿಗೆ ತೂಕದಲ್ಲಿ ಶೇ. 10ರಿಂದ 20ರಷ್ಟು ಆಲ್ಫಾ ಅಲ್ಯೂಮಿನಾ ಬೆರೆಸಿ; ಅದರ ಹಿಗ್ಗುವಿಕೆ ಗೊತ್ತಿರುವುದರಿಂದ ಅದೇ ಅಳತೆಗೋಲು. ಸಿಲಿಕಾನ್ ಬೇಡ, ಬಿಸಿ ಗಾಳಿಯಲ್ಲಿ ಅದು ಆಕ್ಸಿಡೀಕರಣವಾಗುತ್ತದೆ. ಮಿಶ್ರಣವನ್ನು ಆಲ್ಕೋಹಾಲ್‌ನಲ್ಲಿ ಕಲಸಿ ಪಟ್ಟಿಯ ಮೇಲೆ ಸುಮಾರು 0.2 ಮಿ.ಮೀ. ತೆಳುವಾಗಿ ಹರಡಿ. ಪದರ ದಪ್ಪವಾದರೆ ತಾಪ ಅಳೆಯುವ ಥರ್ಮೋಕಪಲ್ ತೋರಿಸುವುದಕ್ಕಿಂತ ಮೇಲ್ಮೈ ತಣ್ಣಗಿರುತ್ತದೆ. ತಾಪವನ್ನು ಕ್ವಾರ್ಟ್ಜ್ ಪುಡಿಯಿಂದ ಬೇರೆಯಾಗಿ ಪರೀಕ್ಷಿಸಿ, ಅದರ ಹರಳಿನ ರೂಪದ ಆಲ್ಫಾ-ಬೀಟಾ ಬದಲಾವಣೆ 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಣಬೇಕು.

ಕೋಣೆಯ ತಾಪದಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ 50 ಡಿಗ್ರಿಗೊಮ್ಮೆ ನಿಲ್ಲಿಸಿ, 10 ನಿಮಿಷ ಕಾದು, ತಾಮ್ರದ ವಿಕಿರಣದಲ್ಲಿ ಎರಡು-ಥೀಟಾ 15ರಿಂದ 120 ಡಿಗ್ರಿವರೆಗೆ ಸ್ಕ್ಯಾನ್ ಮಾಡಿ. ಮೇಲಿನ ಕೋನಗಳನ್ನು ಬಿಡಬೇಡಿ: 100 ಡಿಗ್ರಿ ಕೋನದಲ್ಲಿ ಪೀಕ್ ನಿಜವಾಗಿ ಸರಿಯುವುದು 0.068 ಡಿಗ್ರಿಗೆ ಏರುತ್ತದೆ, ಎತ್ತರದ ದೋಷ 0.037 ಡಿಗ್ರಿಗೆ ಇಳಿಯುತ್ತದೆ. ತಣಿಸುವಾಗಲೂ ಅಳೆಯಿರಿ. ಎರಡು ದಾರಿಯ ಅಂಕಿಗಳು ಹೊಂದದಿದ್ದರೆ ಸ್ಯಾಂಪಲ್ ಕದಲಿರಬಹುದು, ಇಲ್ಲವೇ ತಾಪ ಸ್ಥಿರವಾಗಿರಲಿಕ್ಕಿಲ್ಲ.

ರೀಟ್ವೆಲ್ಡ್ ವಿಶ್ಲೇಷಣೆಗೆ (ಇಡೀ ಸ್ಕ್ಯಾನ್‌ಗೆ ಲೆಕ್ಕದ ಮಾದರಿ ಹೊಂದಿಸುವ ವಿಧಾನ) ತಂತ್ರಾಂಶಗಳಾದ ಜೀಸ್ಯಾಸ್-2 ಅಥವಾ ಫುಲ್‌ಪ್ರೊಫ್ ಸಾಕು. ಪ್ರತಿ ತಾಪದಲ್ಲೂ ಅಲ್ಯೂಮಿನಾದ ಗೊತ್ತಿರುವ ಜಾಲದಳತೆಯನ್ನು ಸ್ಥಿರವಾಗಿಟ್ಟು ಸ್ಯಾಂಪಲ್ ಎತ್ತರವನ್ನು ಮಾತ್ರ ಸಡಿಲಬಿಡಿ. ಉಪಕರಣದ ಕೋನದ ಶೂನ್ಯದ ತಿದ್ದುಪಡಿ ಕೋಣೆಯ ತಾಪದಲ್ಲೇ ಮುಗಿದಿರಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದರ ತಪ್ಪನ್ನು ಇನ್ನೊಂದು ನುಂಗುತ್ತದೆ. 29.5 ಡಿಗ್ರಿ ಬಳಿಯ ಪೀಕ್ ಮೂರಾಗಿ ಒಡೆದಿದ್ದರೆ ನಿಮ್ಮ ಪುಡಿ ಆರ್ಥೋರಾಂಬಿಕ್ (ಮೂರು ಅಸಮಾನ ಲಂಬ ಅಕ್ಷಗಳ) ರೂಪದ್ದು, ಷಡ್ಭುಜೀಯ ಮಾದರಿ ಅದಕ್ಕೆ ಹೊಂದದು.

ಎ ಮತ್ತು ಸಿ ಅಳತೆಗಳಿಗೆ ತಾಪಕ್ಕೆ ತಕ್ಕಂತೆ ಬೇರೆಬೇರೆಯಾಗಿ ವರ್ಗಸಮೀಕರಣ ಹೊಂದಿಸಿ, ಇಳಿಜಾರನ್ನು ಆಯಾ ಅಕ್ಷದ ಉದ್ದದಿಂದ ಭಾಗಿಸಿದರೆ ಅದರ ಹಿಗ್ಗುವ ಗುಣಾಂಕ. ಎ ಗುಣಾಂಕದ ಎರಡರಷ್ಟಕ್ಕೆ ಸಿ ಗುಣಾಂಕ ಕೂಡಿಸಿ ಮೂರರಿಂದ ಭಾಗಿಸಿದರೆ ಸರಾಸರಿ. ತುಂಡಿನ ಉದ್ದದ ಬದಲಾವಣೆ ಅಳೆಯುವ ಡೈಲಾಟೋಮೀಟರ್‌ನಲ್ಲಿ ಗಟ್ಟಿ ತುಂಡು ಇದಕ್ಕಿಂತ ಕಡಿಮೆ ತೋರಿಸಿದರೆ ಗಾಬರಿಯಾಗಬೇಡಿ: ಸುಟ್ಟು ತಣಿಸುವಾಗ ಅಕ್ಷಗಳ ಎಳೆದಾಟದಿಂದ ಮೂಡಿದ ಸೂಕ್ಷ್ಮ ಬಿರುಕುಗಳು ಕಾಯಿಸಿದಾಗ ಮುಚ್ಚಿಕೊಳ್ಳುತ್ತಾ ಒಂದಷ್ಟು ಹಿಗ್ಗುವಿಕೆಯನ್ನು ಒಳಗೇ ಹೀರಿಕೊಳ್ಳುತ್ತವೆ.