ಫಾದರ್ ಪಾಪನಿವೇದನೆ ಮಾಡುವುದು ಯಾರ ಹತ್ತಿರ?

ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಇದು. ಪಾಪನಿವೇದನೆ ಎಂದರೆ ಮಾಡಿದ ಪಾಪವನ್ನು ಗುರುವಿನ, ಅಂದರೆ ಪಾದ್ರಿಯ, ಮುಂದೆ ಹೇಳಿಕೊಂಡು ದೇವರ ಕ್ಷಮೆ ಪಡೆಯುವುದು. 'ನಿಮಗೆ ನೀವೇ ಕ್ಷಮೆ ಕೊಟ್ಕೊಳ್ತೀರಾ ಫಾದರ್?' ಇಲ್ಲಪ್ಪ, ಹಾಗೆ ಮಾಡೋಕಾಗಲ್ಲ. ಪೋಪ್ ಆದರೂ ಇನ್ನೊಬ್ಬ ಗುರುವಿನ ಹತ್ತಿರ ಹೋಗಲೇಬೇಕು. 2014ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಮಹಾದೇವಾಲಯದಲ್ಲಿ ಎಲ್ಲರೆದುರೇ ಒಬ್ಬ ಸಾಮಾನ್ಯ ಪಾದ್ರಿಯ ಮುಂದೆ ಮಂಡಿಯೂರಿದ್ದರು.

ನಮಗಿರುವ ಕಷ್ಟ ಯಾರ ಹತ್ತಿರ ಹೋಗುವುದು ಎಂಬುದು. ಒಂದೇ ಧರ್ಮಪ್ರಾಂತ್ಯದ, ಅಂದರೆ ಒಬ್ಬರೇ ಬಿಷಪ್ಪರ ಕೆಳಗಿನ ಗುರುಗಳೆಲ್ಲ, ಗುರುಗಳಾಗಲು ಓದುವ ಸೆಮಿನರಿಯಿಂದಲೇ ಪರಿಚಯ. ಗುಟ್ಟು ಹೊರಗೆ ಹೋಗುತ್ತದೆ ಎಂಬ ಭಯವಲ್ಲ, ಆ ವಿಷಯದಲ್ಲಿ ನಮ್ಮ ಚರ್ಚಿನ ಕಾನೂನು ಬಹಳ ಬಿಗಿ. ಮುಂದಿನ ಸಭೆಯಲ್ಲಿ ಪಕ್ಕದಲ್ಲೇ ಕೂರಬೇಕಲ್ಲ, ಆ ಮುಜುಗರ. ಯಾರನ್ನು ಬೇಕಾದರೂ ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರ ಹಾಗೆ ನಮಗೂ ಇದೆ. ನಾನು ಬಸ್ಸು ಹತ್ತಿ ಬೇರೆ ಊರಿನ ಕಪುಚಿನ್ ಎಂಬ ಸನ್ಯಾಸಿ ಸಂಘದ ವಯಸ್ಸಾದ ಗುರುಗಳ ಹತ್ತಿರ ಹೋಗುತ್ತೇನೆ. ಕಾಫಿ ಆಮೇಲೆ. ಮೊದಲೇ ಕಾಫಿಗೆ ಕೂತರೆ ಮಾತು ವರ್ಗಾವಣೆ, ಬಿಷಪ್ಪರು ಅಂತ ಎಲ್ಲೆಲ್ಲಿಗೋ ಹೋಗುತ್ತದೆ, ಪಾಪನಿವೇದನೆ ಹರಟೆಯಾಗುತ್ತದೆ.

ದಿನವೂ ಪ್ರವಚನ ಕೊಡುವ ಬಾಯಿ ನಮ್ಮದು. ಸ್ವಂತ ಪಾಪವನ್ನೂ ಚೆಂದ ಮಾಡಿ ಹೇಳುತ್ತೇವೆ. 'ಪ್ರಾರ್ಥನಾ ಜೀವನದಲ್ಲಿ ಉತ್ಸಾಹ ಕುಂದಿದೆ' ಎಂದು ನಾನು ಶುರು ಮಾಡಿದರೆ ಆ ಗುರುಗಳು ತಡೆಯುತ್ತಾರೆ: 'ಅದಿರಲಿ, ಏನು ಮಾಡಿದೆ ಹೇಳಪ್ಪ.' ಆಗ ಮಾತು ನೆಲಕ್ಕಿಳಿಯುತ್ತದೆ. ಮಳೆಯ ನೆಪ ಹೇಳಿ ಸಾವಿನ ಮನೆಗೆ ಹೋಗಲಿಲ್ಲ. ಸಂಜೆ ಪ್ರಾರ್ಥನೆಯನ್ನು ಫೋನಿನಲ್ಲಿ, ನಡುನಡುವೆ ವಾಟ್ಸಾಪ್ ನೋಡುತ್ತಾ ಮುಗಿಸಿದೆ. ಚರ್ಚಿನಲ್ಲಿ ಧರ್ಮಪಾಠ ಹೇಳಿಕೊಡುವ ಉಪದೇಶಿಯ ಮೇಲೆ ಜನರ ಮುಂದೆ ರೇಗಿದೆ.

ಒಂದು ವಿಷಯದಲ್ಲಿ ಮಾತ್ರ ನಾಲಿಗೆ ಬಿಗಿ ಹಿಡಿಯಲೇಬೇಕು. ನನ್ನ ಹತ್ತಿರ ಪಾಪನಿವೇದನೆಗೆ ಬಂದವರ ಮೇಲೆ ಸಿಡುಕಿದ್ದರೆ, ಆ ಸಿಡುಕು ನನ್ನ ಪಾಪ, ಹೇಳಬೇಕು. ಆದರೆ ಯಾರು, ಅವರು ಏನು ಹೇಳಿದ್ದರು, ಇದರ ಸುಳಿವೂ ಸಿಗಬಾರದು. 'ಬಂದವರೊಬ್ಬರ ಮೇಲೆ ತಾಳ್ಮೆ ಕಳೆದುಕೊಂಡೆ' ಎಂದು ಹೇಳಿ ನಿಲ್ಲಿಸುತ್ತೇನೆ. ಆ ಗುರುಗಳೂ ಕೆದಕುವುದಿಲ್ಲ.

ಕ್ಷಮೆ ಸಿಕ್ಕಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗಲ್ಲ. ಚರ್ಚಿನ ದುಡ್ಡು ತಿಂದವನು ವಾಪಸ್ ಕೊಡಬೇಕು. ಮಗುವಿಗೆ ಕೇಡು ಮಾಡಿದವನು ಪೊಲೀಸ್, ಕೋರ್ಟು ಎದುರಿಸಲೇಬೇಕು. 'ಪಾಪನಿವೇದನೆ ಆಯ್ತಲ್ಲ' ಎಂದು ಜಾರಿಕೊಳ್ಳುವ ಪಾದ್ರಿಯನ್ನು ನಾನಂತೂ ನಂಬಲ್ಲ. ನನ್ನದು ಸಣ್ಣ ವಿಷಯ, ಆದರೂ ಗುರುಗಳು ಬಿಡಲಿಲ್ಲ. 'ಜನರ ಮುಂದೆ ರೇಗಿದ್ದೀಯ, ಜನರ ಮುಂದೆಯೇ ಕ್ಷಮೆ ಕೇಳು' ಎಂದರು. ಭಾನುವಾರ ಪೂಜೆ ಮುಗಿದ ಮೇಲೆ, ಅಂಗಳದಲ್ಲಿ ಎಲ್ಲರೂ ನಿಂತಿರುವಾಗ ಕೇಳಿದೆ. 'ಬಿಡಿ ಫಾದರ್' ಎಂದರು ಉಪದೇಶಿ. ಆಮೇಲೆ ಎಷ್ಟೋ ದಿನ ನನ್ನ ಜೊತೆ ಕೆಲಸಕ್ಕಿಂತ ಜಾಸ್ತಿ ಒಂದು ಮಾತೂ ಆಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.